ರಫು ಮಾಡಿದ ಕೋಟು

ಸಿನಿಮಾದಲ್ಲಿ ನಮ್ಮದು ಗುಂಪಿನ ಪಾತ್ರ. ಯುದ್ಧಕ್ಕೆ ಹೆದರಿ ಊರು ಬಿಡುವ ನೂರಾರು ಜನರ ನಡುವೆ ಒಬ್ಬ ಮುದುಕ, ಒಬ್ಬ ಮುದುಕಿ. ಮಾತಿಲ್ಲ, ಕತೆಯಿಲ್ಲ, ರೈಲು ನಿಲ್ದಾಣದಲ್ಲಿ ಗಂಟು ಹಿಡಿದು ನಿಲ್ಲುವುದು, ಅಷ್ಟೇ. ಅಷ್ಟಕ್ಕೇ ನಾನು ವಾರದಿಂದ ನಿದ್ದೆಗೆಟ್ಟಿದ್ದೆ. ಒಂದೇ ಒಂದು ಸಲ ಪರದೆಯ ಮೇಲೆ ಕಾಣಿಸಬೇಕು ಅಂತ ಹದಿನಾರನೇ ವಯಸ್ಸಿನಿಂದ ಆಸೆಪಟ್ಟವಳು ನಾನು. ಅವಕಾಶ ಬಂದದ್ದು ಅರವತ್ತಮೂರಕ್ಕೆ. ಅದೂ ಜೋಡಿಯಾಗಿ ಬಂದರೆ ಮಾತ್ರ ಎಂದರು. ಸರಿ, ನಮ್ಮ ಯಜಮಾನರನ್ನು ಕಾಡಿ ಬೇಡಿ ಹೊರಡಿಸಿದೆ. ಅವರು ನಲವತ್ತು ವರ್ಷ ಟೈಲರ್ ಆಗಿದ್ದವರು. ಅಲ್ಲೇ ನಾನು ಎಚ್ಚರವಾಗಿರಬೇಕಿತ್ತು.

ಬಟ್ಟೆ ಹಾಕಿ ನೋಡುವ ದಿನ ಒಂದು ಹಳೆಯ ಗೋದಾಮಿಗೆ ಕರೆದರು. ಉದ್ದಕ್ಕೂ ಕಂಬಿಗಳ ಮೇಲೆ ನೇತಾಡುವ ಬಟ್ಟೆ, ಒಂದೊಂದಕ್ಕೂ ನಂಬರಿನ ಚೀಟಿ. ಬಟ್ಟೆ ನೋಡಿಕೊಳ್ಳುವ ಮೇಡಂ ಕುತ್ತಿಗೆಗೆ ಟೇಪು ಸುತ್ತಿಕೊಂಡಿದ್ದರು. ನನಗೊಂದು ಮಾಸಿದ ಉದ್ದಂಗಿ, ಶಾಲು ಕೊಟ್ಟರು. ಇವರಿಗೆ ಮೊಣಕೈ ಹರಿದು ಜೇಬು ಜೋತುಬಿದ್ದ ಕೋಟು.

"ಹಾಕ್ಕೊಂಡಿರಿ, ಬರ್ತೀನಿ. ಡೈರೆಕ್ಟರಿಗೆ ಫೋಟೋ ಕಳಿಸ್ಬೇಕು. ಅವರು ಹೂಂ ಅಂದ್ರೆ ನೀವು ಗ್ಯಾರಂಟಿ."

ಉದ್ದಂಗಿಯ ಬೆನ್ನಿಗೆ ಹದಿನೆಂಟು ಕೊಕ್ಕೆ. ಅದರ ಜೊತೆ ಅರ್ಧ ಗಂಟೆ ಗುದ್ದಾಡಿ ನಾನು ಮರೆಯಿಂದ ಹೊರಬರುವಷ್ಟರಲ್ಲಿ ಈ ಮಹಾನುಭಾವರು ಮೇಜಿನ ಮೇಲಿದ್ದ ಸೂಜಿ ದಾರ ತಗೊಂಡು ಮೊಣಕೈ ರಫು ಮಾಡಿ, ಜೇಬು ಹೊಲಿದು, ಇಸ್ತ್ರಿಯನ್ನೂ ಹಾಕಿ ಮುಗಿಸಿದ್ದರು!

"ಅಯ್ಯೋ ದೇವರೇ, ಏನ್ರೀ ಮಾಡಿದ್ರಿ?"

"ಒಳ್ಳೇ ಉಣ್ಣೆ ಕಣೇ. ಯಾರೋ ತಲೆಕೆಟ್ಟವರು ಹಾಳು ಮಾಡಿದ್ರು."

ತಲೆಕೆಟ್ಟವರು ಹಿಂದೆಯೇ ನಿಂತಿದ್ದರು. ಮೇಡಂ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. "ಅದನ್ನ ಹಳೇದು ಮಾಡೋಕೆ ನನಗೆ ಮೂರು ದಿನ ಹಿಡೀತು, ಯಜಮಾನ್ರೇ! ಕಲ್ಲಿಗೆ ಉಜ್ಜಿ, ಟೀ ನೀರಲ್ಲಿ ಅದ್ದಿ... ಬೇರೆ ಕೋಟಿಲ್ಲ. ಈಗಲೇ ಫೋಟೋ ಹೋಗ್ಲಿಲ್ಲ ಅಂದ್ರೆ ಬೇರೆ ಜೋಡೀನ ಕರೀತಾರೆ. ಬೇಗ ಬಿಚ್ಚಿ ಆ ಹೊಲಿಗೆ."

"ನನ್ನ ಕೈಯಲ್ಲಿ ಆಗಲ್ಲಮ್ಮ," ಎಂದರು ಇವರು. "ಹೊಲಿದದ್ದನ್ನ ನಾನು ಹರಿಯೋನಲ್ಲ."

"ಇಲ್ಲಿ ಕೊಡಿ," ಎಂದು ನಾನು ಕಿತ್ತುಕೊಂಡೆ.

ನನ್ನ ತಂಗಿಯ ಮದುವೆಯ ದಿನವೂ ಇವರು ಯಾರದೋ ಪ್ಯಾಂಟು ಹೊಲಿಯುತ್ತ ಕೂತದ್ದು ನೆನಪಾಯಿತು. ಮೊಣಕೈ ಪರ್ ಎಂದು ಹರಿಯಿತು. ನಲವತ್ತು ವರ್ಷ 'ಸಿನಿಮಾಕ್ಕೆ ನಾಳೆ ಹೋಗೋಣ' ಅಂದದ್ದು ನೆನಪಾಯಿತು. ಜೇಬು ಕೈಗೇ ಬಂತು. ಕೋಟನ್ನು ನೆಲಕ್ಕೆ ಹಾಕಿ ಚಪ್ಪಲಿಯಲ್ಲಿ ತಿಕ್ಕಿದೆ.

"ಸಾಕಮ್ಮ, ಸಾಕು!" ಮೇಡಂ ಬಾಯಿ ಬಿಟ್ಟು ನೋಡುತ್ತಿದ್ದರು. "ಮೂರು ದಿನದ ಕೆಲಸ ಮೂರು ನಿಮಿಷಕ್ಕೆ ಮಾಡಿದ್ರಲ್ಲ!"

"ಸಿಟ್ಟು ಹಳೇದು," ಎಂದೆ.

ಫೋಟೋ ತೆಗೆದರು. ಇವರು ಹರಿದ ಮೊಣಕೈಯನ್ನೇ ನೋಡುತ್ತ ನಿಂತಿದ್ದರು, ಪಾಪ. ನನಗೆ ಮಾತ್ರ ಖುಷಿ ತಡೆಯಲಾಗಲಿಲ್ಲ. ಐದು ನಿಮಿಷಕ್ಕೆ ಡೈರೆಕ್ಟರ ಫೋನು ಬಂತು. ಮೇಡಂ ಎಲ್ಲರಿಗೂ ಕೇಳುವಂತೆ ಇಟ್ಟರು.

"ಆ ಅಜ್ಜ ಅದ್ಭುತ! ಮನೆಮಠ ಕಳ್ಕೊಂಡ ಮುಖ. ಕ್ಯಾಮೆರಾ ಮುಂದೇನೇ ನಿಲ್ಲಿಸಿ. ಅಜ್ಜಿ ಬೇಡ, ಹಲ್ಲು ಕಿರೀತಿದ್ದಾರೆ."

ನಲವತ್ತೇಳು ವರ್ಷ ಕಾದದ್ದು ಒಂದೇ ಮಾತಿಗೆ ಮುಗಿದುಹೋಯಿತಲ್ಲ! ಅಳು ಒತ್ತರಿಸಿ ಬಂತು. ಶಾಲಿನಲ್ಲಿ ಮುಖ ಮುಚ್ಚಿಕೊಂಡೆ.

ಯಾವತ್ತೂ ಯಾರಿಗೂ ಎದುರಾಡದ ನಮ್ಮ ಯಜಮಾನರು ಫೋನಿನತ್ತ ಬಾಗಿದರು.

"ಸ್ವಾಮಿ, ಅವಳು ಪಕ್ಕದಲ್ಲಿ ಇಲ್ಲದಿದ್ರೆ ನನಗೆ ಈ ಮುಖ ಬರಲ್ಲ."

ಫೋನಿನಲ್ಲಿ ನಗು ಕೇಳಿಸಿತು. "ಸರಿ, ಇಬ್ಬರೂ ಇರಲಿ."

ನಾನು ಇವರ ಮೊಣಕೈಗೆ ಜೋರಾಗಿ ತಿವಿದೆ.

"ಮೆಲ್ಲಗೆ ಕಣೇ," ಎಂದರು, "ಇನ್ನೂ ಹರೀತದೆ."