ಕಳೆ ತೆಗೆದ ದಿಣ್ಣೆ

2024ರ ಫೆಬ್ರವರಿ 11, ಭಾನುವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ನಾನು ಮೊದಲ ಕಬ್ಬಿಣದ ಬಳೆಯನ್ನು ಬೋರಣ್ಣನ ದಿಣ್ಣೆಯ ಪೂರ್ವದ ಪಟ್ಟಿಯಲ್ಲಿ ನೆಲಕ್ಕೆ ಬಡಿದು ಕೂರಿಸಿದೆ. ಬಳೆಯೆಂದರೆ ಮೇಲೂ ಕೆಳಗೂ ತೆರೆದ, ಒಂದು ಅಡಿ ಅಗಲದ ಡಬ್ಬದಂಥದ್ದು. ಅದರಲ್ಲಿ ನೀರು ತುಂಬಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಸ್ಕೇಲಿನಲ್ಲಿ ಓದಿದರೆ ಆ ನೆಲ ಮಳೆಯನ್ನು ಕುಡಿಯುತ್ತದೋ ಹೊರಗೆ ತಳ್ಳುತ್ತದೋ ತಿಳಿಯುತ್ತದೆ. ಸುತ್ತಿಗೆ ಠಣ್ಣೆಂದು ಹಿಂದಕ್ಕೆ ಹಾರುತ್ತಿತ್ತು. ನೆಲ ಅಷ್ಟು ಗಟ್ಟಿ. ಅದನ್ನು ಹಾಗೆ ಮಾಡಿದವಳು ನಾನೇ.

ಕೋಣನಕುಂಟೆ ದಾಟಿ ಕನಕಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಈ ದಿಣ್ಣೆ ಅರಣ್ಯ ಇಲಾಖೆಯ ಹನ್ನೆರಡು ಎಕರೆ. ಮೂರು ಕಡೆ ಅಪಾರ್ಟ್‌ಮೆಂಟುಗಳು. ಅಲ್ಲೊಂದು ಇಲ್ಲೊಂದು ಜಾಲಿ, ಕಗ್ಗಲಿ. ಉಳಿದದ್ದೆಲ್ಲ ಹಂಚಿಕಡ್ಡಿ ಹುಲ್ಲು, ಪೊರಕೆ ಕಟ್ಟುವ ಹುಲ್ಲು. 2021ರ ಜೂನ್‌ನಲ್ಲಿ ನಮ್ಮ ಸ್ವಯಂಸೇವಕರ ಗುಂಪಿಗೆ ನಾನು ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಿದ್ದೆ: ‘ಪೂರ್ವದ ಪಟ್ಟಿಯ ಕಳೆ ತೆಗೆಯಿರಿ.’ ನನ್ನ ಮನಸ್ಸಿನಲ್ಲಿದ್ದದ್ದು ಲಂಟಾನ ಮತ್ತು ಪಾರ್ಥೇನಿಯಂ. ಜೆ.ಪಿ. ನಗರ, ಬಿ.ಟಿ.ಎಂ.ನಿಂದ ಬಂದ ಅರವತ್ತು ಜನರಿಗೆ ಮರವಲ್ಲದ್ದೆಲ್ಲ ಕಳೆ. ಎರಡು ಭಾನುವಾರದಲ್ಲಿ ಹಂಚಿಕಡ್ಡಿಯನ್ನು ಬುಡಸಮೇತ ಕಿತ್ತು ಗುಡ್ಡೆ ಹಾಕಿದರು. ಮೂವತ್ತೊಂದು ವರ್ಷ ಜಯನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದ ನಾನು, ಹೇಗೂ ಜಾಗ ಖಾಲಿಯಾಯಿತಲ್ಲ ಎಂದು ಅಲ್ಲಿ ಮುನ್ನೂರು ಸಸಿ ನೆಡಿಸಿದೆ. ಎರಡು ಮಳೆಗಾಲದಲ್ಲಿ ಮೇಲ್ಮಣ್ಣು ಕೊಚ್ಚಿಹೋಯಿತು. ಬದುಕಿದ್ದು ನಲವತ್ತೊಂದು ಸಸಿ.

ಆಗ ತಡೆಯಲು ಬಂದವರು ಒಬ್ಬರೇ, ದಿಣ್ಣೆಯ ಕಾವಲಿನ ಸಪ್ಪಲಮ್ಮ. ಈಗ ಎಪ್ಪತ್ತು ದಾಟಿದೆ. ಈ ಸುತ್ತಿನಲ್ಲಿ ಹೊಲಗಳಿದ್ದ ಕಾಲದಿಂದ ಅವರ ಮನೆಯ ಹೆಂಗಸರು ಇಲ್ಲಿ ಪೊರಕೆ ಹುಲ್ಲು ಕೊಯ್ದವರು. ಅವರ ಲೆಕ್ಕದಲ್ಲಿ ದಿಣ್ಣೆ ಮೂರು ಪಟ್ಟಿ: ಕೊಯ್ಯೋದು, ಮೇಯೋದು, ಮಲಗೋದು. ಒಂದರಲ್ಲಿ ಸಂಕ್ರಾಂತಿ ಕಳೆದು ಬೀಜ ಉದುರಿದ ಮೇಲೆ ಕುಡುಗೋಲು, ಒಂದರಲ್ಲಿ ದನ, ಒಂದಕ್ಕೆ ವರ್ಷವಿಡೀ ನಿದ್ದೆ. ಮುಂದಿನ ವರ್ಷ ಸರದಿ ಬದಲು. ಪೂರ್ವದ ಪಟ್ಟಿ ಬೋಳಾದ ಮೇಲೆ ನಾನು ಉಳಿದ ಎಂಟು ಎಕರೆಯಲ್ಲಿ ಅವರ ಹಿಂದೆ ನೋಟ್‌ಬುಕ್ ಹಿಡಿದು ನಡೆಯತೊಡಗಿದೆ.

ಫೆಬ್ರವರಿಯ ಆ ಭಾನುವಾರ ತೀರ್ಮಾನವಾಗಬೇಕಿದ್ದದ್ದು ಆ ಎಂಟು ಎಕರೆಯ ಹಣೆಬರಹ. ಒಂದು ಕಂಪನಿ ಇಡೀ ದಿಣ್ಣೆಯ ಮೇಲೆ ಸಾಲುಸಾಲಾಗಿ ನಾಲ್ಕು ಸಾವಿರ ಸಸಿ ನೆಡಲು ಮುಂದೆ ಬಂದಿತ್ತು. ಒಪ್ಪಿಗೆ ಸಿಕ್ಕರೆ ವಾರದೊಳಗೆ ಗುಂಡಿ ತೋಡುವ ಯಂತ್ರ. ವಲಯ ಅರಣ್ಯಾಧಿಕಾರಿ ಚಿದಾನಂದ್ ಸೋಮವಾರ ವರದಿ ಕೊಡಬೇಕಿತ್ತು. ಅದಕ್ಕೇ ರಜೆಯ ದಿನ ಬಂದಿದ್ದರು.

ಅವರ ಜೀಪು ನಿಂತಾಗ ಏಳೂವರೆ. ಪೂರ್ವದ ಪಟ್ಟಿಯ ಮೂರು ಬಳೆಗಳ ಅಳತೆ ಮುಗಿದಿತ್ತು. ಸರಾಸರಿ 9 ಮಿಲಿಮೀಟರ್.

“ಇದೇನು ಮೇಡಂ, ಈ ಕಡೆ ಇಷ್ಟು ಬೋಳು?” ಎಂದರು ಚಿದಾನಂದ್.

ನಾನು ಬಾಯಿ ತೆರೆಯುವ ಮೊದಲೇ ಸಪ್ಪಲಮ್ಮ ಹೇಳಿದರು. “ಮೇಡಮ್ಮೋರು ಕಳೆ ತೆಗೀರಿ ಅಂದ್ರು ಸಾಮಿ. ತೆಗುದ್ರು. ಈಗ ನೋಡಿ, ದಿಣ್ಣೆ ಮಕದಾಗೆ ಕಳೇನೇ ಇಲ್ಲ.”

ಲಿಖಿತ್ ಜೋರಾಗಿ ನಕ್ಕ. ಆರ್ಕಿಟೆಕ್ಟ್, ಆ ಅರವತ್ತು ಜನರಲ್ಲಿ ಇವತ್ತಿಗೂ ತಪ್ಪದೆ ಬರುವವನು. “ಸಖತ್ ಅಜ್ಜಿ! ಮೂರು ವರ್ಷ ಆಯ್ತು, ಇನ್ನೂ ಬಿಟ್ಟಿಲ್ಲ.”

“ನೀನೇನು ನಗ್ತೀಯಪ್ಪಾ? ಎರಡು ಕೈಯಾಗೂ ಕಿತ್ತೋನು ನೀನೇ.”

“ಅವರು ಹೇಳಿದ್ದು ನಿಜ,” ಎಂದೆ ಚಿದಾನಂದರಿಗೆ. “ತಪ್ಪು ನನ್ನದು. ಮೇಲೆ ಹುಲ್ಲಿರೋ ಕಡೆನೂ ಅಳೆದು ತೋರಿಸ್ತೀನಿ. ಅರ್ಧ ಗಂಟೆ ಕೊಡಿ.”

ಅವರು ಕೈಗಡಿಯಾರ ನೋಡಿಕೊಂಡರು. “ನೇರವಾಗಿ ಹೇಳ್ತೀನಿ ಮೇಡಂ. ಹುಲ್ಲು ಚೆನ್ನಾಗಿದೆ ಅಂತ ಬರೆದ್ರೆ ಮೇಲಿನವರು ಕೇಳಲ್ಲ. ಇಲ್ಲಿ ಒಂಬತ್ತು ಬಂದಿದೆ ಅಂತೀರಿ. ಅಲ್ಲಿ ಇದರ ಮೂರರಷ್ಟು ಬರಲಿ, ಸಸಿ ಪ್ರಸ್ತಾವನೇನ ವಾಪಸ್ ಕಳಿಸ್ತೀನಿ. ಬರದಿದ್ರೆ ಬೇಜಾರು ಮಾಡ್ಕೋಬೇಡಿ.”

ಸಪ್ಪಲಮ್ಮ ನನ್ನ ಕಡೆ ನೋಡಿದರು. ಮೂರರಷ್ಟು ಎಂದರೆ ಇಪ್ಪತ್ತೇಳು.

ನಾವು ಮೇಲಕ್ಕೆ ಹತ್ತಿದೆವು. ಈ ವರ್ಷ ಮಲಗಿದ್ದ ಪಟ್ಟಿಯಲ್ಲಿ ಹಂಚಿಕಡ್ಡಿ ಮಂಡಿಯೆತ್ತರ ಬೆಳೆದು ಹೊಂಬಣ್ಣಕ್ಕೆ ತಿರುಗಿತ್ತು. ಅಲ್ಲಿ ಬಳೆ ನಾಲ್ಕೇ ಏಟಿಗೆ ಕೂತಿತು. ಹುಲ್ಲಿನ ಗಿಡಗಳ ನಡುವೆ, ಇಪ್ಪತ್ತು ಹೆಜ್ಜೆ ದೂರದೂರಕ್ಕೆ ಮೂರು ಬಳೆ. ನೂರು ಮಿಲಿಮೀಟರ್ ಗೆರೆಯವರೆಗೆ ನೀರು ತುಂಬಿಸಿ ಲಿಖಿತ್ ಫೋನಿನಲ್ಲಿ ಟೈಮರ್ ಒತ್ತಿದ.

“ಬೆಂಕಿ?” ಎಂದರು ಚಿದಾನಂದ್, ಒಣಹುಲ್ಲನ್ನು ಸವರುತ್ತ. “ಏಪ್ರಿಲ್‌ನಲ್ಲಿ ಒಂದು ಬೀಡಿ ತುಂಡು ಬಿದ್ರೆ ಸಾಕಲ್ಲ.”

“ಅದಕ್ಕೇ ಅಲ್ವಾ ಸಾಮಿ, ಕೊಯ್ಯೋ ಪಟ್ಟೀನ ರಸ್ತೆ ಕಡೀಕೆ ತಂದಿರಾದು,” ಎಂದರು ಸಪ್ಪಲಮ್ಮ. “ಮದ್ಲು ರಸ್ತೆ ಎಲ್ಲಿತ್ತು? ರಸ್ತೆ ಬಂತು, ಬೀಡಿ ಬಂತು. ನಾವೂ ಸರದಿ ತಿರುಗಿಸ್ಕಂಡ್ವಿ. ಈಗ ಬೇಸ್ಗೇಲಿ ಆ ಅಂಚೆಲ್ಲ ಬೋಳು ಕೂಳೆ. ಬೆಂಕಿ ಅಲ್ಲೇ ನಿಲ್ತದೆ.”

ನಾನು ನಕ್ಷೆ ಬಿಡಿಸಿ ತೋರಿಸಿದೆ. ರಸ್ತೆಯಂಚಿಗೆ ಹತ್ತು ಮೀಟರ್ ಅಗಲದ ಖಾಯಂ ಕೊಯ್ಲಿನ ಗೆರೆ; ಅದರ ಒಳಗೆ ತಿರುಗುವ ಮೂರು ಪಟ್ಟಿ. ಗೆರೆ ಎಳೆದದ್ದು ನಾನು, ಎಲ್ಲಿ ಎಳೆಯಬೇಕೆಂದು ನಡೆದು ತೋರಿಸಿದ್ದು ಅವರು.

“ಸರಿ ಅಮ್ಮ, ಮೇಯೋ ಪಟ್ಟಿ ಅಂತೀರಲ್ಲ, ಈ ಅಪಾರ್ಟ್‌ಮೆಂಟ್‌ಗಳ ಮಧ್ಯೆ ದನ ಎಲ್ಲಿಂದ ತರ್ತೀರಿ?”

ಸಪ್ಪಲಮ್ಮ ಲಿಖಿತನ ಕಡೆ ಗಲ್ಲ ತಿರುಗಿಸಿದರು. “ಅಗೋ, ಅಲ್ಲಿ ನಿಂತದೆ ದನ.”

“ನಾನಲ್ಲ ಸಾರ್,” ಎಂದ ಲಿಖಿತ್. “ಹುಲ್ಲು ಕತ್ತರಿಸೋ ಮಿಷಿನ್. ಅಜ್ಜಿ ಮೊದಲು ಒಪ್ಪಲೇ ಇಲ್ಲ.”

“ಬುಡದಗಂಟ ಬೋಳಿಸ್ತಿದ್ದ ಸಾಮಿ. ದನ ಅಂಗೆ ಮೇಯ್ತದಾ? ನಾಕು ಬೆಟ್ಟು ಬುಟ್ಟು ಕೊಯ್ಯಿ ಅಂದೆ. ನೆಲಗುಬ್ಬಿ ಗೂಡು ಕಂಡ್ರೆ ಸುತ್ತ ಒಂದು ಮಾರು ಬುಡು ಅಂದೆ. ಈಗ ಪರ್ವಾಗಿಲ್ಲ. ಜಾತಿ ದನ ಆಗವ್ನೆ.”

ಲಿಖಿತ್ ಅವರ ನಾಲ್ಕು ಬೆರಳನ್ನು ಅಳೆದು, ಬ್ಲೇಡಿನ ಎತ್ತರವನ್ನು ಏಳು ಸೆಂಟಿಮೀಟರಿಗೆ ಕಟ್ಟಿ, ಅಳತೆಯನ್ನು ಮಿಷಿನ್ನಿನ ಮೇಲೆ ಬಣ್ಣದಲ್ಲಿ ಬರೆದಿದ್ದ: ‘ಅಜ್ಜಿ ಮಾರ್ಕ್’. ಚಿದಾನಂದ್ ಮೊದಲ ಸಲ ನಕ್ಕರು. ಆಮೇಲೆ ಬಾಗಿ ಬಳೆಯೊಳಗೆ ನೋಡಿದರು.

“ಮೇಡಂ, ಇದು ಸೋರ್ತಾ ಇದೆಯಾ?”

ಹದಿಮೂರು ನಿಮಿಷ ಆಗಿತ್ತು. ನೀರು ಆಗಲೇ ಇಪ್ಪತ್ತೇಳು ಮಿಲಿಮೀಟರಿಗಿಂತ ಹೆಚ್ಚು ಇಳಿದಿತ್ತು. ನಾನು ಬಳೆಯ ಸುತ್ತ ಮಣ್ಣನ್ನು ಕೈಯಿಂದ ಒತ್ತಿ ತೋರಿಸಿದೆ, ಎಲ್ಲೂ ಒದ್ದೆಯಿರಲಿಲ್ಲ. ಅವರೇ ಎದ್ದು ಉಳಿದ ಎರಡು ಬಳೆಗಳ ಹತ್ತಿರ ಹೋಗಿ, ಮಂಡಿಯೂರಿ, ಸುತ್ತಲೂ ಮುಟ್ಟಿ ನೋಡಿ ಬಂದರು. ಅವುಗಳಲ್ಲೂ ಹಾಗೇ.

“ಎಲ್ಲಿಗೆ ಹೋಗ್ತಿದೆ ನೀರು?”

“ಬೇರು ಹಿಡ್ಕಂಡು ಕೆಳೀಕೆ,” ಎಂದರು ಸಪ್ಪಲಮ್ಮ. “ನಮ್ಮತ್ತೆ ಅನ್ನೋರು, ಹಂಚಿಕಡ್ಡಿ ಮ್ಯಾಲೆ ಒಂದು ಮೊಳ, ಕೆಳಗೆ ಎಲ್ಡು ಮೊಳ ಅಂತ.”

ಕಳೆದ ವರ್ಷ ನಾನು ಒಂದು ಗಿಡದ ಬದಿಯಲ್ಲಿ ಗುಂಡಿ ತೋಡಿ ಬೇರನ್ನು ಟೇಪಿನಲ್ಲಿ ಅಳೆದಿದ್ದೆ. 94 ಸೆಂಟಿಮೀಟರ್. ಎರಡು ಮೊಳಕ್ಕೂ ಅದಕ್ಕೂ ಮೂರು ಬೆರಳಷ್ಟೂ ವ್ಯತ್ಯಾಸವಿರಲಿಲ್ಲ. ಎಷ್ಟೋ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿದ್ದೇನೆ. ಆ ಸಂಜೆ ನನ್ನ ನೋಟ್‌ಬುಕ್ಕಿನ ಆ ಪುಟದ ಕೆಳಗೆ ಸಪ್ಪಲಮ್ಮನವರ ಹೆಬ್ಬೆಟ್ಟು ಹಾಕಿಸಿಕೊಂಡಿದ್ದೆ.

ಚಿದಾನಂದ್ ಜೀಪಿನಿಂದ ಫೈಲು ತರಿಸಿ, ಕಲ್ಲಿನ ಮೇಲೆ ಕೂತು ಬರೆಯತೊಡಗಿದರು. ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು, ತಮಗೆ ತಾವೇ ಹೇಳಿಕೊಳ್ಳುವವರಂತೆ. “ಜಾಗದ ಸ್ವರೂಪ: ಪಾಳು ಅಲ್ಲ, ಹುಲ್ಲುಗಾವಲು. ಸಸಿ ನೆಡುವ ಪ್ರಸ್ತಾವನೆ ಈ ಜಾಗಕ್ಕೆ ಸೂಕ್ತವಲ್ಲ, ಹಿಂದಿರುಗಿಸಲಾಗಿದೆ. ಪೂರ್ವದ ಪಟ್ಟಿಯಲ್ಲಿ ಇದೇ ದಿಣ್ಣೆಯ ಹುಲ್ಲಿನ ಬೀಜ ಬಿತ್ತುವುದು. ನಿರ್ವಹಣೆ: ಮೂರು ಪಟ್ಟಿಯ ಸರದಿ...” ಅವರು ತಲೆಯೆತ್ತಿದರು. “ಯಾರ ಪದ್ಧತಿ ಅಂತ ಬರೀಲಿ ಮೇಡಂ? ನಿಮ್ಮದು ಅಂತಲಾ?”

“ಸಪ್ಪಲಮ್ಮ ಅಂತ ಬರೀರಿ. ಪೂರ್ತಿ ಹೆಸರು.”

“ಸಪ್ಪಲಮ್ಮ ಕೋಂ?”

“ಕೋಂ ಯಾಕ್ ಸಾಮಿ?” ಎಂದರು ಸಪ್ಪಲಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ನಿಂತು. “ನಮ್ಮ ಯಜಮಾನ್ರು ಒಂದಿನಾನೂ ಹುಲ್ಲು ಕೊಯ್ದೋರಲ್ಲ. ನನ್ನೆಸ್ರು ಸಾಕು.”

ಚಿದಾನಂದ್ ಅಷ್ಟನ್ನೇ ಬರೆದರು. ಟೈಮರ್ ಹೊಡೆದುಕೊಂಡಿತು. ನಾನು ಒಂದೊಂದೇ ಬಳೆಗೆ ಬಾಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಸ್ಕೇಲು ಓದಿ, ಮೂರು ಸಂಖ್ಯೆಗಳನ್ನು ಕೂಡಿ ಮೂರರಿಂದ ಭಾಗಿಸಿದೆ. ಎರಡು ಸಲ ಭಾಗಿಸಿದೆ. ಚಿದಾನಂದ್ ವರದಿಯಲ್ಲಿ ಆ ಸಂಖ್ಯೆಗೆ ಜಾಗ ಖಾಲಿ ಬಿಟ್ಟು ಪೆನ್ನು ಹಿಡಿದು ಕಾಯುತ್ತಿದ್ದರು.

“ಅರ್ಧ ಗಂಟೆಗೆ,” ಎಂದೆ, “61 ಮಿಲಿಮೀಟರ್.”