ಖಾಲಿ ಫ್ಲಾಶ್

“ಅದನ್ನ ತೆಗೀಬೇಡಿ” ಎಂದು ಆಕೆ ಕೂಗುವಷ್ಟರಲ್ಲಿ ಅಳಿಯ ಕ್ಯಾಮೆರಾದ ಬೆನ್ನಿನ ಮುಚ್ಚಳ ತೆಗೆದಾಗಿತ್ತು. ಕೂಗಿಗೆ ಬೆಚ್ಚಿಬಿದ್ದವನು ಏನೂ ತೋಚದೆ, ಒಳಗೆ ಕಂಡ ರೀಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಆಮೇಲೆ ಬೆರಳು ಎಳೆದುಕೊಂಡು ಫಟ್ಟನೆ ಮುಚ್ಚಳ ಹಾಕಿದ. ಎಲ್ಲ ಸೇರಿ ಎರಡು ಕ್ಷಣವೂ ಇರಲಿಕ್ಕಿಲ್ಲ.

“ಮೆಮೊರಿ ಕಾರ್ಡ್ ಎಲ್ಲಿದೆ ಅಂತ ನೋಡ್ತಿದ್ದೆ ಅತ್ತೆ,” ಎಂದ. ಲಿಫ್ಟ್ ರಿಪೇರಿ ಮಾಡುವ ಕೈ ಅವನದು. ಕೊಂಡಿ ಕಂಡರೆ ಬಿಚ್ಚದೆ ಬಿಡುವ ಜಾಯಮಾನವೇ ಅಲ್ಲ. ಮಾವನ ಮೇಲಿನ ಪ್ರೀತಿಗೆ ಬೆಳಗಿನಿಂದ ಮೂರು ಬಲ್ಬು, ಒಂದು ನಲ್ಲಿ ಸರಿ ಮಾಡಿದ್ದ.

“ಅದು ರೀಲಿನ ಕ್ಯಾಮೆರಾ ಕಣ್ರೀ. ಬೆಳಕು ಬಿದ್ರೆ ಸುಟ್ಟೇ ಹೋಗುತ್ತೆ,” ಎಂದಳು ಮಗಳು. “ಫೋಟೋಗ್ರಾಫರ ಮನೆ ಅಳಿಯ ಆಗಿ ಹದಿನಾಲ್ಕು ವರ್ಷ ಆಯ್ತು. ಇಷ್ಟೂ ಗೊತ್ತಾಗ್ಲಿಲ್ವಾ?”

“ಬೈಬೇಡ ಬಿಡೆ,” ಎಂದಳು ಆಕೆ. ಪಕ್ಕದ ಮುಂಗೋಣೆಯಲ್ಲಿ, ಅಂದರೆ ಸ್ಟುಡಿಯೋದಲ್ಲೇ, ಬಣ್ಣ ಹಚ್ಚಿದ ಪರದೆಯ ಮುಂದೆ ಆಕೆಯ ಗಂಡ ಬಿಳಿ ಹೊದಿಕೆ ಹೊದ್ದು ಮಲಗಿದ್ದರು. ನಾಲ್ಕು ಗಂಟೆಗೆ ಸ್ಮಶಾನದ ಗಾಡಿ ಬರುವುದಿತ್ತು. ಅಷ್ಟರೊಳಗೆ ತಲೆಯ ಹತ್ತಿರ ಇಡಲು ಅವರದೊಂದು ಫೋಟೋ ಬೇಕಾಗಿತ್ತು. ಇಡುವಂಥದ್ದು ಇದ್ದದ್ದು ಒಂದೇ ಫೋಟೋ, ಅದು ಆ ರೀಲಿನಲ್ಲಿತ್ತು.

ನಲವತ್ತು ವರ್ಷ ಊರಿನ ಅರ್ಧ ಮದುವೆಗಳನ್ನು ತೆಗೆದ ಮನುಷ್ಯನದೊಂದು ಸರಿಯಾದ ಫೋಟೋ ಇಲ್ಲವೆಂದರೆ ಯಾರೂ ನಂಬುವುದಿಲ್ಲ. ಹುಡುಕಿದ್ದೂ ಆಗಿತ್ತು. ಗುರುತಿನ ಚೀಟಿಯ ಫೋಟೋ ದೊಡ್ಡದು ಮಾಡಿಸಿದರೆ ಪೊಲೀಸರು ಹುಡುಕುತ್ತಿರುವವನ ಹಾಗೆ ಕಾಣುತ್ತಿತ್ತು. ಮೊಬೈಲು ಎತ್ತಿದವರ ಕೈಯಿಂದ ಅದನ್ನು ಕಿತ್ತುಕೊಂಡು, “ನೀನು ಹೋಗಿ ಅಲ್ಲಿ ನಿಂತ್ಕೋ, ನಾನು ತೆಗೀತೀನಿ” ಎನ್ನುವ ಚಾಳಿ ಅವರದು. ಮದುವೆಯ ಫೋಟೋ ಒಂದಿತ್ತು. ಅವರ ಗುರುಗಳು ತೆಗೆದದ್ದು. ಅದರಲ್ಲಿ ವಧು ನೆಟ್ಟಗೆ ಕೂತಿದ್ದಾಳೆ, ವರ ಮಾತ್ರ ಒಂದು ಕೈ ಎತ್ತಿ, ಬಾಯಿ ಬಿಟ್ಟು, ಕ್ಯಾಮೆರಾ ಸ್ವಲ್ಪ ಮೇಲೆ ಹಿಡಿಯಿರಿ ಎಂದು ಗುರುವಿಗೇ ಪಾಠ ಹೇಳುತ್ತಿದ್ದಾನೆ. ಗುರುಗಳು ಕೋಪದಲ್ಲಿ ಹಾಗೆಯೇ ಗುಂಡಿ ಒತ್ತಿದ್ದರು.

“ಅವರ ಶಿಷ್ಯನನ್ನ ಕರೀರಿ,” ಎಂದಳು ಆಕೆ.

ಶಿಷ್ಯ ಬಂದ. ಐವತ್ತೈದರ ಮನುಷ್ಯ, ಎರಡು ಬೀದಿ ಆಚೆ ಸ್ವಂತ ಸ್ಟುಡಿಯೋ, ಕಾಲೇಜಿನ ಮಕ್ಕಳಿಗಾಗಿ ಈಗಲೂ ಅಪರೂಪಕ್ಕೆ ರೀಲು ತೊಳೆದುಕೊಡುತ್ತಿದ್ದ. ಕ್ಯಾಮೆರಾ ತಿರುಗಿಸಿ ನೋಡಿದ. ಮುಚ್ಚಳ ತೆಗೆದ ಕೂಡಲೇ ಎಣಿಕೆಯ ಮುಳ್ಳು ಸೊನ್ನೆಗೆ ಹೋಗಿತ್ತು.

“ಎಷ್ಟು ತೆಗೆದಿದ್ರು ಇದರಲ್ಲಿ?”

“ಒಂದೇ. ನಾನು ಅವರದ್ದು ತೆಗೆದದ್ದು. ತುಂಡು ರೋಲು, ಒಂದಕ್ಕಾಗುವಷ್ಟೇ ಇತ್ತು ಅಂದಿದ್ರು.”

ಕೊನೆಯ ಚಿತ್ರ ಯಾವಾಗಲೂ ಮುಚ್ಚಳದ ಬಾಯಿಗೇ ಇರುತ್ತದೆ, ಬೆಳಕು ಮೊದಲು ತಿನ್ನುವುದು ಅದನ್ನೇ. ಅದು ಶಿಷ್ಯನಿಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. “ನೋಡ್ತೀನಿ ಅಕ್ಕ” ಎಂದು ಕ್ಯಾಮೆರಾವನ್ನು ಅಂಗಿಯೊಳಗಿಟ್ಟುಕೊಂಡು ಹೊರಟ. ಅಳಿಯ ಬಾಗಿಲಲ್ಲಿ ನಿಂತು ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದ.

*

ಊರಿನಲ್ಲಿ ಆಕೆಯ ಗಂಡನಿಗೆ ಗದ್ದದ ಮಾಸ್ಟ್ರು ಎಂದೇ ಹೆಸರು. ವಧುವಾಗಲಿ, ವಧುವಿನ ಅಜ್ಜಿಯಾಗಲಿ, ಕ್ಯಾಮೆರಾದ ಮುಂದೆ ನಿಂತರೆ ಮಾಸ್ಟ್ರು ಎಡಗೈ ಎತ್ತಿ, ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲೇ ಏನನ್ನೋ ಚಿವುಟಿ ಮೇಲಕ್ಕೆತ್ತುತ್ತಿದ್ದರು. “ಗದ್ದ ಎಳ್ಳಷ್ಟು ಮೇಲೆ. ಸಾಕು. ಅಲ್ಲೇ ಇರಿ.” ಊರಲ್ಲಿ ಆ ಎರಡು ಬೆರಳಿಗೆ ಎದ್ದು ನಿಲ್ಲದ ಗದ್ದವೇ ಇರಲಿಲ್ಲ.

ಆಗ ಒಂದು ರೀಲಿಗೆ ಮೂವತ್ತಾರೇ ಚಿತ್ರ. ಮದುವೆ ಹಾಲಿನಲ್ಲಿ ನೋಡಿದರೆ ಚಿಕ್ಕಪ್ಪನ ಷಡ್ಡಕ, ಆ ಷಡ್ಡಕನ ಸ್ನೇಹಿತ, ಎಲ್ಲರಿಗೂ ವಧೂವರರ ಪಕ್ಕ ನಿಲ್ಲಲೇಬೇಕು. ಬೇಡವೆಂದರೆ ಮುನಿಸು, ತೆಗೆದರೆ ರೀಲು ಖಾಲಿ. ಅದಕ್ಕೆ ಆ ಕಸುಬಿನವರೆಲ್ಲ ಕಂಡುಕೊಂಡ ದಾರಿ ಒಂದಿತ್ತು. ಫ್ಲಾಶಿನ ಬೆನ್ನಲ್ಲಿ ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬೆಳಕು ಮಾತ್ರ ಪಳ್ಳೆನ್ನುತ್ತದೆ, ಒಳಗೆ ಏನೂ ನಡೆಯುವುದಿಲ್ಲ. ನಿಂತವರಿಗೆ ತೃಪ್ತಿ. ಮಾಸ್ಟ್ರು ಸಂಜೆ ಬಂದು ಕಾಲು ಚಾಚಿ, “ಇವತ್ತು ಹದಿನೆಂಟು ಗುಂಪು ಖಾಲಿ ಇವಳೇ” ಎಂದು ಹೇಳಿ ನಗುತ್ತಿದ್ದರು.

ಆಕೆಗೆ ನಗು ಬರುತ್ತಿರಲಿಲ್ಲ. ಯಾಕೆಂದರೆ ಖಾಲಿ ಫ್ಲಾಶ್ ಎಲ್ಲರಿಗಿಂತ ಹೆಚ್ಚು ಬಿದ್ದದ್ದು ಆಕೆಯ ಮೇಲೆ. ಹೊಸ ದೀಪ ತಂದರೆ, ಹೊಸ ಪರದೆ ಕಟ್ಟಿದರೆ, “ಇವಳೇ, ಸ್ವಲ್ಪ ಬಾ, ಬೆಳಕು ನೋಡ್ಬೇಕು.” ಆಕೆ ಸ್ಟೂಲಿನ ಮೇಲೆ ಕೂರುವಳು. ಪಳ್, ಪಳ್. ಒಮ್ಮೆ, ಮದುವೆಯಾದ ಎರಡನೇ ವರ್ಷ, ಹಸಿರು ಸೀರೆ ಉಟ್ಟು, ಜಡೆ ಮುಂದೆ ಹಾಕಿಕೊಂಡು ಕೂತಿದ್ದಳು. ಇವತ್ತಾದರೂ ಕ್ಲಿಕ್ ಎನ್ನುತ್ತದೆಂದು ಕಿವಿ ನೆಟ್ಟಿದ್ದಳು. ಪಳ್ ಎಂದಿತು, ಕ್ಲಿಕ್ ಎನ್ನಲಿಲ್ಲ. ಹೊರಗೆ ನಿಜವಾದ ವಧು ಕಾಯುತ್ತಿದ್ದಳು.

“ಊರ ಹೆಂಗಸರದ್ದೆಲ್ಲ ತೆಗೀತೀರಿ. ನಾನೇನು ದೀಪದ ಕಂಬವಾ?” ಎಂದು ಆಕೆ ಅವತ್ತು ಕೇಳಿದ್ದಳು.

“ನೀನೆಲ್ಲಿ ಹೋಗ್ತೀಯ, ಮನೇಲೇ ಇರ್ತೀಯಲ್ಲ. ಯಾವತ್ತಾದ್ರೂ ತೆಗೆದ್ರಾಯ್ತು,” ಎಂದಿದ್ದರು ಮಾಸ್ಟ್ರು. ಆ ಯಾವತ್ತಾದರೂ ಬರಲೇ ಇಲ್ಲ. ಹಸಿರು ಸೀರೆ ಹರಿದು ಒರೆಸುವ ಬಟ್ಟೆಯಾಯಿತು. ಆಕೆ ಮತ್ತೆ ಕೇಳಲಿಲ್ಲ, ಆದರೆ ಮರೆಯಲೂ ಇಲ್ಲ.

*

ಮಧ್ಯಾಹ್ನದ ಹೊತ್ತಿಗೆ ಸ್ಟುಡಿಯೋ ತುಂಬಿತು. ಜನ ಬಂದು, ನೋಡಿ, ಗೋಡೆಗೆ ಹಾಕಿದ್ದ ಬೆಂಚುಗಳ ಮೇಲೆ ಕೂತರು. ವಧುವಿನ ಕಡೆಯವರು ಅಲಂಕಾರ ಸರಿಮಾಡಿಕೊಳ್ಳುತ್ತಿದ್ದ ಉದ್ದ ಕನ್ನಡಿಗೆ ಮಗಳು ಬಟ್ಟೆ ಮುಚ್ಚುತ್ತೇನೆಂದಾಗ ಆಕೆ, “ಇರಲಿ ಬಿಡು, ಅದು ಅವರ ಕೆಲಸದ್ದು” ಎಂದಳು.

ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಆಕೆಯ ಕೈ ಹಿಡಿದುಕೊಂಡಳು. “ನನ್ನ ಮದುವೆ ಮಾಸ್ಟ್ರೇ ತೆಗೆದಿದ್ರು ಆಂಟಿ. ಮದುವೆ ಎರಡೇ ವರ್ಷಕ್ಕೆ ಮುಗೀತು. ಆಲ್ಬಂ ಮಾತ್ರ ಇನ್ನೂ ಇಟ್ಕೊಂಡಿದೀನಿ, ಅಷ್ಟು ಚೆನ್ನಾಗಿದೆ.”

“ನಿಮ್ಮೆಜಮಾನ್ರು?”

“ಅಗೋ, ಆ ಮೂಲೇಲಿ ಕೂತಿದಾರೆ. ಅವರ ಹತ್ರಾನೂ ಒಂದು ಕಾಪಿ ಇದೆ.”

ಎದುರು ಅಂಗಡಿಯ ಟೈಲರು ಮೂಗು ಸೀಟಿ ಕರ್ಚೀಫು ಮಡಚಿದ. ಊರಿನ ಮದುಮಗಂದಿರ ಕೋಟುಗಳೆಲ್ಲ ಅವನ ಕೈಯಲ್ಲೇ ಹೊಲಿಸಿಕೊಂಡವು. “ನನ್ನ ಫೋಟೋ ಎಷ್ಟು ತೆಗೆದಿದಾರೋ ಮಾಸ್ಟ್ರು. ಕೋಟು ಹೊಲಿದ ಮರ್ಯಾದೆಗೆ ಎಲ್ಲರೂ ಮದುವೆಗೆ ಕರೀತಾರೆ. ಹೋಗ್ತೀನಿ, ಗುಂಪಲ್ಲಿ ನಿಲ್ತೀನಿ. ಮಾಸ್ಟ್ರು ಗದ್ದ ಸರಿ ಮಾಡ್ತಾರೆ, ಪಳ್ ಅನ್ಸ್ತಾರೆ. ಆಮೇಲೆ ಆಲ್ಬಂ ನೋಡಿದ್ರೆ ನಾನೇ ಇರಲ್ಲ. ಒಂದಾದ್ರೂ ಹುಡುಕಿಕೊಡಿ ಅಂತ ಕೇಳೋಣ ಅಂತಿದ್ದೆ. ಕೇಳೋಕೇ ಆಗ್ಲಿಲ್ಲ.”

ಮಗಳು ನೆಲ ನೋಡಿದಳು. ಗಂಡನ ಮರ್ಯಾದೆ ಕಾಯಬೇಕೆಂದು ಆಕೆಗೂ ಅನ್ನಿಸಿತು. ಆದರೆ ಆ ಮನುಷ್ಯನ ಮುಖ ನೋಡಿ ಮನಸ್ಸು ತಡೆಯಲಿಲ್ಲ.

“ಹುಡುಕಿದ್ರೂ ಸಿಗಲ್ಲ. ನಿಮಗೆ ಹೊಡೆದದ್ದೆಲ್ಲ ಖಾಲಿ ಫ್ಲಾಶು,” ಎಂದಳು. “ರೀಲು ಉಳಿಸೋಕೆ ಬರೀ ಬೆಳಕು ಬಿಡ್ತಿದ್ರು.”

ಟೈಲರು ಮಲಗಿದ್ದವರನ್ನು ಒಮ್ಮೆ, ಆಕೆಯನ್ನು ಒಮ್ಮೆ ನೋಡಿದ.

“ಅದಕ್ಕೇನಾ? ನನ್ನ ಮುಖಾನೇ ಸರಿಯಿಲ್ಲ, ಅದಕ್ಕೆ ಕತ್ತರಿಸಿ ಬಿಸಾಕ್ತಾರೆ ಅಂದ್ಕೊಂಡಿದ್ದೆನಲ್ಲಮ್ಮ ಮೂವತ್ತು ವರ್ಷ.” ಹೇಳುತ್ತಾ ಹೇಳುತ್ತಾ ಅವನ ಭುಜ ಕುಲುಕತೊಡಗಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ಮೂಲೆಯಲ್ಲಿದ್ದ ಮಾಜಿ ವರ ಮೊದಲು ನಕ್ಕ, ಆಮೇಲೆ ಬ್ಯಾಂಕಿನಾಕೆ, ಆಮೇಲೆ ಎಲ್ಲರೂ.

“ಬೇಜಾರು ಮಾಡ್ಕೋಬೇಡಿ,” ಎಂದಳು ಆಕೆ. “ಖಾಲಿಯವರ ಸಾಲಲ್ಲಿ ಮೊದಲನೇವಳು ನಾನು.”

ಟೈಲರು ಸರಿದು ಬೆಂಚಿನಲ್ಲಿ ಆಕೆಗೆ ಜಾಗ ಮಾಡಿಕೊಟ್ಟ.

*

ಮೂರು ವಾರದ ಕೆಳಗೆ ಮಾಸ್ಟ್ರು ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಹಿಂದಿನಿಂದ ಒಂದು ರೀಲು ತೆಗೆದರು. ಕೊನೆಯದು, ಕಪ್ಪುಬಿಳುಪು. ಡಾಕ್ಟರು ಎದೆಯ ವಿಷಯ ಹೇಳಿ ಆಗಲೇ ಹತ್ತು ದಿನವಾಗಿತ್ತು.

“ಹಳೇ ಫ್ಲಾಶು ಕೈಕೊಡ್ತಿದೆ ಇವಳೇ. ಸ್ವಲ್ಪ ಕೂತ್ಕೋ, ಬೆಳಕು ನೋಡ್ಬೇಕು.”

“ಈಗ ಯಾವ ಮದುವೆ ಬಾಕಿ ಇದೆ ನಿಮಗೆ?”

“ನೀನು ನಿನ್ನ ಪಾಡಿಗೆ ಕೆಲಸ ಮಾಡ್ತಿರು. ಖಾಲಿ ಹೊಡೀತೀನಿ.”

ಆಕೆಗೆ ಈಚೆಗೆ ಕಿವಿ ಮಂದ. ಕಿವಿಯ ಮಷೀನು ಕುಯ್ಯೆನ್ನುತ್ತದೆಂದು, ಜನ ಬಂದಾಗ ಬಿಟ್ಟರೆ ಮನೆಯಲ್ಲಿ ಹಾಕುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮಾಸ್ಟ್ರು ಕಿಟಕಿಯ ಹತ್ತಿರ ಬಂದು ಪಳ್ಳೆನಿಸುವರು. ಆಕೆ ಕಾಳು ಬಿಡಿಸುತ್ತಿದ್ದಾಗ ಪಳ್. ಸೂಜಿಗೆ ದಾರ ಪೋಣಿಸುವಾಗ ಪಳ್. “ಕಣ್ಣು ಕೋರೈಸುತ್ತೆ, ನಿಲ್ಲಿಸ್ರೀ ಸಾಕು” ಎಂದು ಬೆರಳೆತ್ತಿ ಬೈದರೆ ಆಗಲೂ ಪಳ್. ಈ ವಯಸ್ಸಲ್ಲೂ ತಾನು ದೀಪದ ಕಂಬವೇ ಎಂದು ಆಕೆಯ ಹೊಟ್ಟೆ ಉರಿಯಿತು. ಆದರೂ ಕಾಯಿಲೆಯ ಮನುಷ್ಯ, ಏನೋ ಒಂದು ಆಟ, ಆಡಿಕೊಳ್ಳಲಿ ಎಂದು ಸುಮ್ಮನಿದ್ದಳು.

ಒಂದು ವಾರದ ಮೇಲೆ ಮಾಸ್ಟ್ರು ಕ್ಯಾಮೆರಾ ಆಕೆಯ ಕೈಗಿತ್ತು, ಇಸ್ತ್ರಿ ಅಂಗಿ ಹಾಕಿಕೊಂಡು ಪರದೆಯ ಮುಂದೆ ಕೂತರು.

“ಈಗ ರೀಲು ಹಾಕಿದೀನಿ. ನಿನ್ನ ಕೈಯಲ್ಲೇ ನಂದೊಂದು ತೆಗಿ. ಬೇಕಾಗುತ್ತೆ.”

ಯಾಕೆ ಬೇಕಾಗುತ್ತದೆಂದು ಆಕೆ ಕೇಳಲಿಲ್ಲ. ಕ್ಯಾಮೆರಾ ಭಾರವಾಗಿತ್ತು. ಮಾಸ್ಟ್ರು ಬಾಯಿ ಆಡಿಸುತ್ತಾ ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. “ಮಾತಾಡಬೇಡಿ, ಅಲ್ಲಾಡ್ತೀರಿ” ಎಂದು ಗದರಿ ಒತ್ತಿಬಿಟ್ಟಳು. ಸರಿ ಬಂದಿರಲಿಕ್ಕಿಲ್ಲವೆಂದು ಇನ್ನೊಂದಕ್ಕೆ ಹೊರಟರೆ ರೀಲು ಸುತ್ತುವ ಕಡ್ಡಿ ಕದಲಲಿಲ್ಲ.

“ಒಂದೇ ಫೋಟೋಗೆ ಮುಗಿದುಹೋಯ್ತಾ?”

“ತುಂಡು ರೋಲು ಇವಳೇ,” ಎಂದು ಆಕೆಯ ಕಿವಿಯ ಹತ್ತಿರ ಬಂದು ಹೇಳಿದರು ಮಾಸ್ಟ್ರು. “ಅಷ್ಟೇ ಇದ್ದದ್ದು. ನಾಳೆ ಸುತ್ತಿ ತೆಗೀತೀನಿ.” ಮಾರನೆಯ ದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಓಡಬೇಕಾಯಿತು. ಆ ರೀಲು ಹಾಗೆಯೇ ಉಳಿಯಿತು.

*

ಮೂರೂವರೆಗೇ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಚಾಲಕ ಇಳಿದು ಗಡಿಯಾರ ನೋಡಿಕೊಂಡ. ಅವನ ಹಿಂದೆಯೇ ಶಿಷ್ಯ ಬಂದ. ಅಂಗಿಯ ತೋಳು ಒದ್ದೆ, ಕೈಯಲ್ಲಿ ಒಂದು ಲಕೋಟೆ, ಕಂಕುಳಲ್ಲಿ ಒಂದು ಚೌಕಟ್ಟು. ಆಕೆಯನ್ನು ಒಳಕೋಣೆಗೆ ಕರೆದ. ಮಗಳು, ಅಳಿಯ ಹಿಂದೆ ಬಂದರು.

“ಅಕ್ಕ, ಅದು ತುಂಡು ರೋಲಲ್ಲ. ಪೂರ್ತಿ ಮೂವತ್ತಾರು.”

“ಏನಿತ್ತು ಅದರಲ್ಲಿ?”

“ಹೊರಗಿನ ಸುತ್ತು ಬೆಳಕಿಗೆ ಹೋಯ್ತು. ಒಳಗಿನ ಸುತ್ತು ಉಳ್ಕೊಂಡಿದೆ. ಇಪ್ಪತ್ತೆಂಟು ಚಿತ್ರ. ಅವಸರಕ್ಕೆ ಎಲ್ಲ ಸಣ್ಣದಾಗಿ ಪ್ರಿಂಟ್ ಹಾಕಿದೀನಿ.” ಶಿಷ್ಯ ಲಕೋಟೆ ಕೊಟ್ಟ. “ಮಾಸ್ಟ್ರದ್ದಿರೋದು ಕೊನೇದೊಂದೇ. ಮಿಕ್ಕಿದ್ದೆಲ್ಲ ನೀವೇ.”

ಆಕೆ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಹಾಕಿದಳು. ಕಾಳು ಬಿಡಿಸುವ ಹೆಂಗಸು. ಸೂಜಿಯ ಕಣ್ಣಿಗೆ ತನ್ನ ಕಣ್ಣು ಚಿಕ್ಕದು ಮಾಡಿದ ಹೆಂಗಸು. ಬೆರಳೆತ್ತಿ ಬೈಯುವ ಹೆಂಗಸು. ಕುರ್ಚಿಯಲ್ಲಿ ತೂಕಡಿಸಿ ಬಾಯಿ ಬಿಟ್ಟವಳು, ಅದನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ. ಒಂದರಲ್ಲಿ ಕಿಟಕಿಯ ಕಡೆ ತಿರುಗಿ ಒಬ್ಬಳೇ ನಗುತ್ತಿದ್ದಳು. ಯಾಕೆ ನಕ್ಕಿದ್ದಳೋ ಆಕೆಗೆ ನೆನಪಾಗಲಿಲ್ಲ. ತಾನು ಹೀಗೆ ಕಾಣುತ್ತೇನೆಂದು ಆಕೆಗೆ ಗೊತ್ತೇ ಇರಲಿಲ್ಲ. ಎಂಥ ಸಂತೋಷವಾಯಿತೆಂದರೆ ಅದರ ಬೆನ್ನಿಗೇ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೆ ಅಳು.

“ಸುಳ್ಳುಗಾರ,” ಎಂದಳು. ಬೆಳಗಿನಿಂದ ಆಕೆ ಅತ್ತದ್ದು ಆಗಲೇ. ಮಗಳು ಬೆನ್ನು ಸವರಿದಳು.

“ಅಪ್ಪಂದು?” ಎಂದು ಮಗಳೇ ಕೇಳಿದಳು ಕೊನೆಗೆ.

ಶಿಷ್ಯ ಚೌಕಟ್ಟು ತಿರುಗಿಸಿದ. ಮುಕ್ಕಾಲು ಪಾಲು ಬರೀ ಬಿಳಿ. ಮುಖವಿಲ್ಲ, ಇಸ್ತ್ರಿ ಅಂಗಿಯೂ ಇಲ್ಲ. ಒಂದು ಮೂಲೆಯಲ್ಲಿ ಮಾತ್ರ, ದುಂಡಗೆ ಹೆಬ್ಬೆರಳಿನದೇ ಆಕಾರದಲ್ಲಿ, ಚಿತ್ರ ಉಳಿದಿತ್ತು. ಅಲ್ಲೊಂದು ಕೈ. ಎರಡು ಬೆರಳು ಸೇರಿಸಿ ಗಾಳಿಯಲ್ಲಿ ಏನನ್ನೋ ಚಿವುಟಿ ಎತ್ತುತ್ತಿದ್ದ ಕೈ.

“ನಿಮ್ಮ ಬೆರಳು ಇದ್ದಷ್ಟು ಜಾಗ ಉಳೀತು,” ಎಂದ ಶಿಷ್ಯ ಅಳಿಯನಿಗೆ. ಅಳಿಯ ಗೋಡೆಯ ಕಡೆ ತಿರುಗಿಕೊಂಡ.

“ಇದನ್ನ ಇಡೋಕಾಗುತ್ತಾ ಅಮ್ಮ? ಜನ ಏನಂದ್ಕೋತಾರೆ?” ಎಂದಳು ಮಗಳು.

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಚೌಕಟ್ಟನ್ನು ತಾನೇ ಎತ್ತಿಕೊಂಡಳು. ಸ್ಟುಡಿಯೋಕ್ಕೆ ಹೋಗಿ, ಗಂಡನ ತಲೆಯ ಹತ್ತಿರ ವಧುಗಳು ಕೂರುತ್ತಿದ್ದ ಸ್ಟೂಲಿನ ಮೇಲೆ ಅದನ್ನು ನಿಲ್ಲಿಸಿದಳು. ಬಗ್ಗಿ, ಅವರಿಗೆ ಮಾತ್ರ ಕೇಳಿಸುವ ಹಾಗೆ, “ಖಾಲಿ ಅಂದ್ರಲ್ಲ” ಎಂದಳು.

ಜನ ಕೊನೆಯ ಸಲ ನೋಡಲು ಎದ್ದರು. ಟೈಲರು ಮೊದಲು ಬಂದ. ಮಲಗಿದ್ದವರಿಗೆ ಕೈ ಮುಗಿದು, ಚೌಕಟ್ಟಿನ ಕಡೆ ನೋಡಿದ. ಬಿಳಿಯ ನಡುವೆ ಆ ಕೈ ಕಂಡಿತು. ಅವನು ಕೋಟಿನ ಅಂಚು ಎಳೆದುಕೊಂಡು ನೆಟ್ಟಗೆ ನಿಂತು, ಗದ್ದವನ್ನು ಎಳ್ಳಷ್ಟು ಮೇಲೆತ್ತಿದ. ಅವನ ಹಿಂದೆ ಬ್ಯಾಂಕಿನಾಕೆ ಬಂದಳು. ಅವಳ ಗದ್ದವೂ ಎದ್ದಿತು. ಅವಳ ಹಿಂದೆ ಮಾಜಿ ವರ. ಒಬ್ಬರಾದ ಮೇಲೊಬ್ಬರು ಕೈಯ ಮುಂದೆ ಬಂದು, ಒಂದು ಕ್ಷಣ ಅಲ್ಲಾಡದೆ ನಿಂತು, ಮುಂದೆ ಹೋದರು.

ಕೊನೆಯವಳು ಆಕೆ. ಹೊರಗೆ ಚಾಲಕ ಗಾಡಿಯ ಬಾಗಿಲು ತೆಗೆದ. ಆಕೆ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸವರಿಕೊಂಡು, ಸೆರಗು ಸರಿಮಾಡಿಕೊಂಡು, ಆ ಎರಡು ಬೆರಳಿನ ಮುಂದೆ ನಿಂತಳು. ಗದ್ದ ಎತ್ತಿ, ಕಿವಿಯ ಮಷೀನಿನ ಮೇಲೆ ಕೈಯಿಟ್ಟುಕೊಂಡು, ಕ್ಲಿಕ್ ಎನ್ನುವುದಕ್ಕೆ ಕಾದಳು.