ತಟ್ಟೆ ತೊಳೆದ ನೀರಿನ ತೋಟ

ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಶಾಲೆಯ ಮಧ್ಯಾಹ್ನದ ಊಟದಲ್ಲಿ ಅನ್ನ, ಬೇಳೆ ಉಳಿದಿದ್ದವು, ತರಕಾರಿ ಕಣ್ಮರೆಯಾಗಿತ್ತು. ವಾರಕ್ಕೆರಡು ಸಲ ಬರುವ ಟ್ಯಾಂಕರೇ ನೀರಿಗೆ ದಿಕ್ಕು.

ಅಂದು ಟ್ಯಾಂಕರ್ ಚಾಲಕ ಪೈಪು ಎಳೆದುಕೊಂಡು ಶಾಲೆಯ ಹಿಂಭಾಗಕ್ಕೆ ಬಂದವನು ಅಲ್ಲೇ ನಿಂತ. ಮೂರನೇ ತರಗತಿಯಲ್ಲಿ ಓದುವ ಅವನ ಮಗಳು ಚೂಟಿ, ಚೊಂಬು ಹಿಡಿದು ಹರಿವೆ ಸೊಪ್ಪಿಗೆ ನೀರು ಹುಯ್ಯುತ್ತಿದ್ದಳು. ಅವನ ಮೈಯೆಲ್ಲ ಉರಿದುಹೋಯಿತು. ಒಲೆ ಮುಂದಿದ್ದ ಅಡುಗೆಯಾಕೆಯತ್ತ ತಿರುಗಿದ.

“ಏನಕ್ಕಾ ಇದು? ನಲವತ್ತು ಕಿಲೋಮೀಟರಿಂದ ನೀರು ತರ್ತೀನಿ. ಜನ ಒಂದೊಂದು ಕೊಡಕ್ಕೂ ಜಗಳ ಆಡ್ತಿದ್ದಾರೆ, ನೀವು ತೋಟ ಮಾಡ್ತಿದೀರಾ? ಇದನ್ನ ನಿಲ್ಲಿಸಿ. ಇಲ್ಲಾಂದ್ರೆ ಈ ಲೋಡು ಬೇರೆ ಕಡೆಗೆ.”

ಅಡುಗೆಯಾಕೆ ಸೌಟು ಕೆಳಗಿಡಲಿಲ್ಲ. “ನಿನ್ನ ಟ್ಯಾಂಕರಿಂದ ಒಂದು ಕೊಡಾನೂ ಇಲ್ಲಿಗೆ ಅಂತ ಎತ್ತಿಲ್ಲ ತಮ್ಮಾ.”

“ಮತ್ತೆ ಆಕಾಶದಿಂದ ಬಿತ್ತಾ?”

“ಬಿದ್ದಿದ್ರೆ ನಿನ್ನ ಮುಖ ಯಾರು ನೋಡ್ತಿದ್ರು? ಅನುಮಾನ ಇದ್ರೆ ಊಟ ಮುಗಿಯೋವರೆಗೂ ಕೂತಿದ್ದು ನೋಡು.”

ಅವನು ತೊಟ್ಟಿಯ ನಲ್ಲಿ ಪಕ್ಕದಲ್ಲೇ ಕಾವಲು ಕೂತ. ಊಟವಾಯಿತು. ಅರವತ್ತು ಮಕ್ಕಳೂ ದೊಡ್ಡ ಟಬ್ಬಿನ ಮೇಲೆ ತಟ್ಟೆ ಹಿಡಿದು ಒಂದೊಂದು ಲೋಟ ನೀರಲ್ಲಿ ತೊಳೆದರು. ಸೋಪು ಹಚ್ಚಿ ಉಜ್ಜುವುದು ಆಮೇಲೆ, ಇನ್ನೊಂದು ಮೂಲೆಯಲ್ಲಿ. ಆ ನೀರು ತೋಟಕ್ಕಿಲ್ಲ. ಟಬ್ಬಿನ ನೀರನ್ನು ಅಡುಗೆಯಾಕೆ ಬಟ್ಟೆಯಲ್ಲಿ ಸೋಸಿದಳು. ಬೆಳಿಗ್ಗೆ ಅಕ್ಕಿ, ಬೇಳೆ ತೊಳೆದದ್ದೂ ಸೇರಿ ದಿನಕ್ಕೆ ನಾಲ್ಕು ಕೊಡ. ಸೊಪ್ಪಿನ ಮಡಿಗಳ ಮೇಲೆ ತರಗೆಲೆ ಹೊದಿಸಿದ್ದರಿಂದ ತೇವ ಬೇಗ ಆರುತ್ತಿರಲಿಲ್ಲ.

“ಆರು ಮಂಚ ಹಾಕೋವಷ್ಟು ಜಾಗ. ಇದರಿಂದ ಯಾರ ಹೊಟ್ಟೆ ತುಂಬುತ್ತಕ್ಕಾ?” ಅವನ ದನಿ ಇಳಿದಿತ್ತು, ಸೋಲೊಪ್ಪಲು ಮನಸ್ಸಿರಲಿಲ್ಲ.

“ತುಂಬಲ್ಲ. ವಾರಕ್ಕೆರಡು ದಿನ ಬೇಳೆಗೆ ಸೊಪ್ಪು ಬೀಳುತ್ತೆ, ಅಷ್ಟೆ. ಹಿಂದೆ ಮೂರು ತಿಂಗಳು ಅದೂ ಇರಲಿಲ್ಲ. ಅದಿರಲಿ, ಒಂದು ಮಾತು. ಉಗ್ರಾಣದಲ್ಲಿ ಮಬ್ಬುಗತ್ತಲು. ಬೇರೆ ಮಕ್ಕಳು ಸಲೀಸಾಗಿ ಹೋಗಿ ತಟ್ಟೆ ತರ್ತಾರೆ. ನಿನ್ನ ಮಗಳು ಗೋಡೆ ತಡವಿಕೊಂಡು ಹೋಗ್ತಾಳೆ.”

ಚಾಲಕ ಮಗಳ ಕಡೆ ತಿರುಗಿದ. ತಿಂಗಳಿಂದ ಮುಸ್ಸಂಜೆಯಾದರೆ ಚೂಟಿ ಹೊಸಿಲು ಎಡವುತ್ತಿದ್ದಳು. ಕಣ್ಣು ಬಿಟ್ಟು ನಡಿ ಎಂದು ಅವನು ಗದರುತ್ತಿದ್ದ.

“ಇರುಳುಗಣ್ಣು ಇರಬಹುದು. ಸೊಪ್ಪು ತಿಂದ್ರೆ ಸರಿಹೋಗುತ್ತೆ ಅಂತ ಕಾಯಬೇಡ. ಇವತ್ತೇ ಆಸ್ಪತ್ರೆಗೆ ತೋರಿಸು.”

ಅವನು ತೊಟ್ಟಿ ತುಂಬಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ಯಾಂಕರನ್ನು ನೇರ ಆಸ್ಪತ್ರೆಗೆ ಓಡಿಸಿದ. ಎ ಜೀವಸತ್ವದ ಕೊರತೆ ಎಂದರು ಡಾಕ್ಟರು. ಔಷಧಿ ಕೊಟ್ಟು, ಮತ್ತೆ ಬರದಿರಬೇಕಾದರೆ ಹಸಿರು ಸೊಪ್ಪು, ಕುಂಬಳಕಾಯಿ ತಪ್ಪಿಸಬೇಡಿ ಎಂದರು. ತಡಮಾಡಿದ್ದರೆ ಕಣ್ಣಿಗೇ ಕುತ್ತಿತ್ತು.

ಹದಿನೈದು ದಿನ ಕಳೆಯಿತು. ಈಗ ಚೂಟಿ ಸಂಜೆಯಲ್ಲೂ ಹೊಸಿಲು ದಾಟಿ ಓಡುತ್ತಾಳೆ. ಅವರ ಮನೆಯ ಬಚ್ಚಲ ಹಿಂದೆ ಎರಡು ಮಡಿ ಎದ್ದಿವೆ. ತಟ್ಟೆ ತೊಳೆದ ನೀರನ್ನು ಹೆಂಡತಿ ಚೆಲ್ಲಗೊಡುವುದಿಲ್ಲ.

“ಅಪ್ಪಾ, ಎಲೆ ಮೇಲೆ ಹುಯ್ಬೇಡ! ಬುಡಕ್ಕೆ, ಬುಡಕ್ಕೆ! ಟ್ಯಾಂಕರ್ ಓಡಿಸೋದಷ್ಟೇ ಬರುತ್ತೆ ನಿಂಗೆ.”

“ಆಯ್ತು ಮೇಡಂ.”

ನಿಮ್ಮ ಮಕ್ಕಳ ಶಾಲೆಯಲ್ಲಿ ತಟ್ಟೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ನಾಳೆ ಹೋಗಿ ನೋಡಿ. ಚರಂಡಿಗೆ ಹೋಗುತ್ತಿದ್ದರೆ ಶಿಕ್ಷಕರ ಜೊತೆ ಕೂತು ಮಾತಾಡಿ, ಒಂದೇ ಒಂದು ಮಡಿ ಮಾಡಿ. ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಸೊಪ್ಪನ್ನು ಶುದ್ಧ ನೀರಲ್ಲಿ ತೊಳೆದು, ಬೇಯಿಸಿಯೇ ಬಡಿಸಿ. ಮುಸ್ಸಂಜೆ ಎಡವುವ ಮಗು ಕಂಡರೆ ಗದರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.